ಲುಸರ್ನ್‌ನಲ್ಲಿ ಒಂದು ದಿನ: ಸ್ವಿಸ್ ತಟಸ್ಥ ನೀತಿಯನ್ನು ನೋಡುವುದು ಹೀಗೆ

ಪ್ಯಾಕೇಜ್ ಟೂರಿನವರು ಲುಸರ್ನ್‌ನ ಕಲ್ಲಿನ ಸಿಂಹದ ಮುಂದೆ ಹತ್ತು ನಿಮಿಷ ನಿಲ್ಲಿಸಿ, "ಫೋಟೊ ಆಯ್ತಾ? ಹೊರಡಿ" ಅಂತಾರೆ. ನೀವು ಅಲ್ಲಿಂದಲೇ ಶುರು ಮಾಡಿ, ಆದರೆ ನಿಧಾನವಾಗಿ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ.

ಎಲ್ಲರೂ ಸಿಂಹದ ಮುಖ ನೋಡ್ತಾರೆ. ನೀವು ಪಂಜದ ಕೆಳಗೆ ನೋಡಿ. ಸಾಯುವಾಗಲೂ ಅದು ಕಾಯುತ್ತಿರುವ ಗುರಾಣಿಯ ಮೇಲಿರುವುದು ಫ್ರಾನ್ಸ್ ರಾಜಮನೆತನದ ಲಿಲ್ಲಿ ಹೂವು! ಸ್ವಿಸ್ ಶಿಲುಬೆಯ ಗುರಾಣಿ ಪಕ್ಕದಲ್ಲಿ ಒರಗಿದೆ. 1792ರ ಆಗಸ್ಟ್ 10ರಂದು ಪ್ಯಾರಿಸ್ಸಿನಲ್ಲಿ ಲೂಯಿ ದೊರೆಯ ಅರಮನೆ ಕಾಯುತ್ತಾ ಸತ್ತ ಸ್ವಿಸ್ ಸೈನಿಕರ ಸ್ಮಾರಕ ಇದು. 1515ರಲ್ಲಿ ಇಟಲಿಯ ಮಾರಿನ್ಯಾನೋದಲ್ಲಿ ಫ್ರಾನ್ಸಿಗೆ ಸೋತ ಮೇಲೆ ಸ್ವಿಸ್ಸರು ಅಲ್ಲಿ ನೆಲ ಗೆಲ್ಲುವ ಆಸೆ ಬಿಟ್ಟರು, ಸಂಬಳಕ್ಕೆ ಕಾದಾಡುವುದನ್ನು ಬಿಡಲಿಲ್ಲ. 1815ರಲ್ಲಿ ಯುರೋಪಿನ ದೊಡ್ಡ ರಾಜ್ಯಗಳು ಈ ದೇಶದ ತಟಸ್ಥ ನೀತಿಗೆ ಮೊಹರು ಒತ್ತಿದ್ದು ಸುಮ್ನೆ ಅಲ್ಲ. ಆಲ್ಪ್ಸ್ ಕಣಿವೆದಾರಿಗಳು ಫ್ರಾನ್ಸಿಗೂ ಸಿಗಬಾರದು, ಆಸ್ಟ್ರಿಯಾಕ್ಕೂ ಸಿಗಬಾರದು. ಎಲ್ಲರಿಗೂ ಅನುಕೂಲ, ಅಲ್ವಾ?

ಎರಡು ಹೆಜ್ಜೆ ನಡೆದರೆ ಬೂರ್ಬಾಕಿ ಪನೋರಮಾ. ಟಿಕೆಟ್ ತಗೊಂಡು ಒಳಗೆ ಹೋಗಿ, ಇದನ್ನು ಮಾತ್ರ ತಪ್ಪಿಸಬೇಡಿ. ಸುತ್ತಲೂ ನೂರು ಮೀಟರಿಗೂ ಉದ್ದದ ಒಂದೇ ಚಿತ್ರ. 1871ರ ಫೆಬ್ರವರಿ, ಮೊಣಕಾಲುದ್ದ ಹಿಮ. ಜರ್ಮನ್ ರಾಜ್ಯ ಪ್ರಷ್ಯಕ್ಕೆ ಸೋತ, ಜನರಲ್ ಬೂರ್ಬಾಕಿಯ ಸೈನ್ಯದ ಸುಮಾರು 87,000 ಫ್ರೆಂಚ್ ಸೈನಿಕರು ಲೆ ವೆರಿಯೇರ್ ಗಡಿಯಲ್ಲಿ ಸ್ವಿಟ್ಜರ್ಲೆಂಡಿನ ಒಳಗೆ ಬರ್ತಿದ್ದಾರೆ. ದಾರಿಬದಿಯ ಬಂದೂಕಿನ ರಾಶಿ ಹುಡುಕಿ. ಆಯುಧ ಕೆಳಗಿಟ್ಟವರಿಗಷ್ಟೇ ಪ್ರವೇಶ, ಇದೇ ನಿಯಮ. ಆಮೇಲೆ ಊರಿನವರು ರೊಟ್ಟಿ, ಕಂಬಳಿ ಕೊಟ್ಟು ನೋಡಿಕೊಂಡರು. ಚಿತ್ರಕಾರ ಎದ್ವಾರ್ ಕಾಸ್ತ್ರ್ ರೆಡ್‌ಕ್ರಾಸ್ ಕೆಲಸಕ್ಕೆ ಅದೇ ಸೈನ್ಯದ ಜೊತೆ ಇದ್ದವನು. ತಟಸ್ಥ ನೀತಿ ಇವರ ಹೆಮ್ಮೆಯಾದದ್ದು ಇಂಥ ಘಟನೆಗಳಿಂದಲೇ ಅಂತ ನನಗನ್ನಿಸುತ್ತದೆ.

ಮಧ್ಯಾಹ್ನ ರ‍್ಯೂಟ್ಲಿಗೆ ದೋಣಿ ಹಿಡಿಯಿರಿ. ಸ್ವಿಸ್ ಒಕ್ಕೂಟ ಹುಟ್ಟಿತೆಂಬ ಐತಿಹ್ಯವಿರುವ, ಸರೋವರದ ದಡದ ಜಾಗ ಅದು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಬೇರೆ ಟಿಕೆಟ್ ಬೇಡ. 'ಸ್ಟಾಟ್ ಲುಸರ್ನ್' ಸಿಕ್ಕರೆ ಅದೃಷ್ಟ. 1940ರ ಜುಲೈ 25ರಂದು ಸ್ವಿಸ್ ಸೇನೆಯ ಮುಖ್ಯಸ್ಥ ಜನರಲ್ ಗೀಸಾನ್ ತನ್ನ ಅಧಿಕಾರಿಗಳನ್ನು ಕರೆದೊಯ್ದದ್ದು ಅದೇ ಹಬೆ ಹಡಗಿನಲ್ಲಿ. ಸುತ್ತಲೂ ಹಿಟ್ಲರ್, ಮುಸೊಲಿನಿ. "ಬೆಟ್ಟ ಹಿಡಿದು ಕಾದಾಡೋಣ" ಎಂಬುದು ಅವನು ಅಲ್ಲಿ ಅವರಿಗೆ ಹೇಳಿದ ತೀರ್ಮಾನ. ಅದೇ ಯುದ್ಧದಲ್ಲಿ ಇವರ ರಾಷ್ಟ್ರೀಯ ಬ್ಯಾಂಕು ಜರ್ಮನಿಯ ಚಿನ್ನ ಕೊಂಡಿತು, ಗಡಿಗೆ ಬಂದ ಯಹೂದಿಗಳಲ್ಲಿ ಸಾವಿರಾರು ಜನರನ್ನು ವಾಪಸ್ ಕಳಿಸಲಾಯಿತು. ಗೈಡ್‌ಗಳು ಇದನ್ನು ತಾವಾಗಿ ಹೇಳುವುದು ಕಡಿಮೆ, ನೀವೇ ಕೇಳಿ.

ರ‍್ಯೂಟ್ಲಿಯಲ್ಲಿ ಇರುವುದು ಹುಲ್ಲುಗಾವಲು, ಒಂದು ಬಾವುಟ, ಒಂದು ಹೋಟೆಲು. ವಾಪಸ್ ಬರುವ ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ಇಳಿಯುವಾಗಲೇ ನೋಡಿಕೊಳ್ಳಿ.