ಕಪ್ಪು ನೊಣ, ಹಳದಿ ನೊಣ: ಮೈಬಣ್ಣದ ಪ್ರಯೋಗಗಳಲ್ಲಿ ನಾನು ಕಂಡದ್ದು

ಕೀಟಗಳ ಕಪ್ಪು ಬಣ್ಣ ಎಂದೊಡನೆ ವಿದ್ಯಾರ್ಥಿಗಳು ಮ್ಯಾಂಚೆಸ್ಟರಿನ ಪತಂಗದ ಕಥೆ ಹೇಳುತ್ತಾರೆ. ಹೊಗೆ ಕುಡಿದು ಕಪ್ಪಾದ ತೊಗಟೆಯ ಮೇಲೆ ಕಪ್ಪು ಪತಂಗ ಹಕ್ಕಿಯ ಕಣ್ಣು ತಪ್ಪಿಸಿ ಉಳಿದುಕೊಂಡಿತು. 1848ರಲ್ಲಿ ಅಪರೂಪವಾಗಿದ್ದದ್ದು ಶತಮಾನ ಮುಗಿಯುವ ಹೊತ್ತಿಗೆ ಆ ಊರಿನ ಸುತ್ತ ಬಹುಪಾಲು ಅದೇ ಆಯಿತು. ಕಥೆ ನಿಜ. ಆದರೆ ಬಣ್ಣದ ಕೆಲಸವೆಲ್ಲ ನೋಡುವ ಕಣ್ಣಿಗೆ ಸಂಬಂಧಿಸಿದ್ದು ಎಂಬ ಭಾವನೆಯನ್ನೂ ಅದು ತಲೆಯಲ್ಲಿ ಊರಿಬಿಡುತ್ತದೆ. ಮೈಸೂರಿನಲ್ಲಿ ಹಣ್ಣಿನ ನೊಣಗಳನ್ನು ಸಾಕಿ ಪ್ರಯೋಗ ಮಾಡಿದ ವರ್ಷಗಳಲ್ಲಿ ನನಗೆ ಮನವರಿಕೆಯಾದದ್ದು ಬೇರೆ. ನೊಣ ಕಪ್ಪಾಗಿದ್ದರೆ ಅದರ ಹೊರಕವಚದಲ್ಲಿ, ಕಣ್ಣಿನಲ್ಲಿ, ಕಾಲಿನಲ್ಲಿ ಏನೇನು ಬದಲಾಗಿದೆ ಎಂದು ಒಂದೊಂದಾಗಿ ಕೇಳಬೇಕು. ಒಟ್ಟಾಗಿ ಕೇಳಿದರೆ ಉತ್ತರ ಕಲಸಿಹೋಗುತ್ತದೆ.

ಡ್ರೊಸೊಫಿಲಾ, ಅಂದರೆ ಈ ಹಣ್ಣಿನ ನೊಣ, ಸಾಕುವುದು ಕಷ್ಟವಲ್ಲ. ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್ ಹಾಕಿ ಕುದಿಸುತ್ತೇವೆ. ಬೂಷ್ಟು ಹಿಡಿಯದಂತೆ 7.5 ಮಿಲಿ ಪ್ರೊಪಿಯೋನಿಕ್ ಆಮ್ಲ ಸೇರಿಸುತ್ತೇವೆ. 25 ಡಿಗ್ರಿಯಲ್ಲಿ ಮೊಟ್ಟೆ ನೊಣವಾಗಲು ಸುಮಾರು ಹತ್ತು ದಿನ. ನನ್ನ ಬಳಿ ಇದ್ದದ್ದು ಬೇರೆ ಬೇರೆಯಾಗಿ ಸಾಕಿಕೊಂಡು ಬಂದ ಮೂರು ತಳಿಗಳು, ಅಂದರೆ ಸ್ಟಾಕ್‌ಗಳು: ಕಂದು ಮೈಯ ಸಾಮಾನ್ಯ ಒರೆಗಾನ್-ಕೆ, ಕಪ್ಪು ಮೈಯ ಎಬೊನಿ, ಹಳದಿ ಮೈಯ ಯೆಲ್ಲೋ.

ಮಿಲನದ ಪ್ರಯೋಗಕ್ಕೆ ಕನ್ಯೆ ನೊಣಗಳು ಬೇಕು, ಅಂದರೆ ಮರಿಹುಳು ನೊಣವಾಗಿ ಮಾರ್ಪಡುವ ಕೋಶದಿಂದ ಹೊರಬಂದ ಕೆಲವೇ ಗಂಟೆಗಳಲ್ಲಿ ಹೆಣ್ಣನ್ನೂ ಗಂಡನ್ನೂ ಬೇರ್ಪಡಿಸಬೇಕು. ಆಗಷ್ಟೇ ಹೊರಬಂದ ನೊಣ ಯಾವ ಬಗೆಯದಾದರೂ ಮಾಸಲು ಬಿಳುಪಾಗಿ, ಉದ್ದಕ್ಕೆ, ರೆಕ್ಕೆ ಮಡಚಿಕೊಂಡೇ ಇರುತ್ತದೆ. ಸೂಕ್ಷ್ಮದರ್ಶಕದಡಿ ಹೊಟ್ಟೆಯ ತೆಳು ಕವಚದ ಒಳಗೆ ಹಸಿರುಗಪ್ಪು ಚುಕ್ಕೆಯೊಂದು ಕಾಣುತ್ತದೆ. ಅದು ಕೋಶದಲ್ಲಿದ್ದಾಗಿನ ಮಲ. ಆ ಚುಕ್ಕೆ ಇದ್ದರೆ ನೊಣ ಹೊಸದೆಂದು ಖಾತರಿ. ಎಬೊನಿಯ ಕಪ್ಪು ಆಮೇಲೆ, ಗಂಟೆಗಳು ಕಳೆದಂತೆ, ಕವಚ ಗಟ್ಟಿಯಾಗುತ್ತಾ ಏರುತ್ತದೆ. ಬಣ್ಣ ಏರುವುದು, ಕವಚ ಬಲಿಯುವುದು ಎರಡೂ ಒಟ್ಟೊಟ್ಟಿಗೆ ನಡೆಯುತ್ತವೆ ಎಂಬುದನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಇದರ ಹಿಂದಿನ ರಸಾಯನ ಹೀಗಿದೆ. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಡೋಪಾ, ಅದರಿಂದ ಡೋಪಮೈನ್ ತಯಾರಾಗುತ್ತದೆ. ಡೋಪಮೈನ್‌ಗೆ ಬೀಟಾ-ಅಲನಿನ್ ಜೋಡಿಸಿ ತಿಳಿ ಕಂದು ಬಣ್ಣದ ದಾರಿಗೆ ಕಳಿಸುವುದು ಎಬೊನಿ ಜೀನಿನ ಕಿಣ್ವ. ಅದು ಕೆಟ್ಟರೆ ಡೋಪಮೈನ್ ಉಳಿದು ಮೆಲನಿನ್ ಎಂಬ ಕಪ್ಪು ಬಣ್ಣದ ವಸ್ತುವಾಗುತ್ತದೆ. ಕಪ್ಪು ಮೆಲನಿನ್ ಮೂಡಲು ಯೆಲ್ಲೋ ಜೀನ್ ಬೇಕು. ಅದು ಕೆಟ್ಟರೆ ಮೈ ಹಳದಿ. ಮುಖ್ಯವಾದ ಮಾತೆಂದರೆ, ಎಬೊನಿಯ ಅದೇ ಕಿಣ್ವ ನೊಣದ ನರಮಂಡಲದಲ್ಲೂ ದುಡಿಯುತ್ತದೆ. ಕಣ್ಣಿನ ನರಕೋಶಗಳು ಸಂದೇಶಕ್ಕೆ ಬಳಸುವ ಹಿಸ್ಟಮೈನನ್ನು ವಿಲೇವಾರಿ ಮಾಡುವುದು ಅದರ ಇನ್ನೊಂದು ಕೆಲಸ. ಹಾಗಾಗಿ ಎಬೊನಿ ನೊಣ ಕಪ್ಪಗಿರುವುದಷ್ಟೇ ಅಲ್ಲ, ಅದರ ದೃಷ್ಟಿಯೂ ಸರಿಯಿಲ್ಲ.

ಎಬೊನಿ ಗಂಡುಗಳು ಮಿಲನದಲ್ಲಿ ಹಿಂದೆ ಬೀಳುತ್ತವೆ ಎಂಬುದು ಹಳೆಯ ವಿಷಯ. ಹೆಣ್ಣಿಗೆ ಕಪ್ಪು ಮೈ ಹಿಡಿಸುವುದಿಲ್ಲವೋ, ಗಂಡಿಗೇ ಹೆಣ್ಣು ಸರಿಯಾಗಿ ಕಾಣುವುದಿಲ್ಲವೋ? ಇದನ್ನು ಬಿಡಿಸಲು ಒಂದು ಒರೆಗಾನ್-ಕೆ ಹೆಣ್ಣಿನ ಜೊತೆ ಒಂದು ಒರೆಗಾನ್-ಕೆ ಗಂಡು, ಒಂದು ಎಬೊನಿ ಗಂಡನ್ನು ಪುಟ್ಟ ಗಾಜಿನ ಕೋಣೆಯಲ್ಲಿ ಬಿಡುತ್ತಿದ್ದೆ. ಕೆಲವು ಜೋಡಣೆಗಳು ಮಾಮೂಲಿ ಬೆಳಕಿನಲ್ಲಿ, ಕೆಲವು ಕಡುಗೆಂಪು ಬೆಳಕಿನಲ್ಲಿ. ಕಡುಗೆಂಪು ನೊಣಗಳಿಗೆ ಬಹುತೇಕ ಕತ್ತಲೆಯೇ. ಆ ಬೆಳಕಿನಲ್ಲಿ ಕಪ್ಪು ಯಾವುದು ಕಂದು ಯಾವುದು ಎಂದು ನಮಗೂ ಗೊತ್ತಾಗುವುದಿಲ್ಲ. ಆದರೆ ಒಮ್ಮೆ ಕೂಡಿದ ಜೋಡಿ ಹದಿನೈದು ಇಪ್ಪತ್ತು ನಿಮಿಷ ಬಿಡುವುದಿಲ್ಲ. ಹತ್ತಿಕೊಂಡದ್ದು ಖಚಿತವಾದ ಮೇಲೆ ದೀಪ ಹಾಕಿ ಗಂಡಿನ ಬಣ್ಣ ಬರೆದುಕೊಳ್ಳುತ್ತಿದ್ದೆ. ನೊಣಗಳನ್ನು ವರ್ಗಾಯಿಸಲು ಈಥರ್ ಬಳಸದೆ ಬಾಯಿಂದ ಎಳೆಯುವ ಕೊಳವೆಯನ್ನೇ ಬಳಸಬೇಕು, ಅಮಲಿಳಿಯದ ನೊಣದ ವರ್ತನೆಯನ್ನು ನಂಬುವಂತಿಲ್ಲ.

ಬೆಳಕಿನಲ್ಲಿ ಎಬೊನಿ ಸ್ಪಷ್ಟವಾಗಿ ಸೋಲುತ್ತಿತ್ತು. ಹೆಣ್ಣು ಓಡಾಡಿದರೆ ಬೆನ್ನು ಹತ್ತುವಲ್ಲಿ ತಡವರಿಸುತ್ತಿತ್ತು, ಒಮ್ಮೊಮ್ಮೆ ಹೆಣ್ಣು ಜಾಗ ಬಿಟ್ಟ ಮೇಲೂ ಅದನ್ನು ಒಲಿಸಲೆಂದು ಅಲ್ಲೇ ರೆಕ್ಕೆ ಮಿಡಿಯುತ್ತಿತ್ತು. ಕತ್ತಲಲ್ಲಿ ಈ ಅಂತರ ಬಹಳ ಮಟ್ಟಿಗೆ ಕುಗ್ಗಿತು. ಕಣ್ಣಿನ ಅನುಕೂಲ ಯಾರಿಗೂ ಇಲ್ಲದಾಗ ಎಬೊನಿ ಸರಿಸಮನಾಗಿ ಪೈಪೋಟಿ ಕೊಡುತ್ತದೆ. ನನ್ನ ಮಟ್ಟಿಗೆ ಇದು ಕಪ್ಪು ಮೈಯ ಸೋಲಲ್ಲ, ಕಣ್ಣಿನ ಸೋಲು.

ಯೆಲ್ಲೋ ಗಂಡಿನ ಕಥೆ ಇನ್ನೂ ರೋಚಕ. ಅವು ಕೂಡುವಲ್ಲಿ ಸೋಲುತ್ತವೆ ಎಂದು ಅಮೆರಿಕದ ತಳಿವಿಜ್ಞಾನಿ ಸ್ಟರ್ಟೆವಂಟ್ 1915ರಲ್ಲೇ ದಾಖಲಿಸಿದ್ದರು. ರೆಕ್ಕೆಯ ಮಿಡಿತ ಕಡಿಮೆಯಾದ್ದರಿಂದ ಹೆಣ್ಣು ಒಲಿಯುವುದಿಲ್ಲ ಎಂಬ ವಿವರಣೆ 1956ರಿಂದ ಬಹುಕಾಲ ಚಾಲ್ತಿಯಲ್ಲಿತ್ತು. ಲೆನ್ಸಿನಡಿ ನಾನು ನೋಡಿದ ಯೆಲ್ಲೋ ಗಂಡುಗಳು ಬೆನ್ನು ಹತ್ತುತ್ತಿದ್ದವು, ರೆಕ್ಕೆ ಚಾಚಿ ಮಿಡಿಯುತ್ತಿದ್ದವು, ಹೆಣ್ಣಿನ ಮೇಲೇರಲು ಹೊಟ್ಟೆ ಬಾಗಿಸುತ್ತಿದ್ದವು, ಹಿಡಿತ ಸಿಗದೆ ಜಾರುತ್ತಿದ್ದವು. ಮತ್ತೆ ಮತ್ತೆ ಅದೇ. ಗಂಡಿನ ಮುಂಗಾಲಿನಲ್ಲಿ ಹತ್ತು ಹನ್ನೆರಡು ದಪ್ಪ ರೋಮಗಳ ಒಂದು ಸಾಲು ಇದೆ, ಬಾಚಣಿಗೆಯ ಹಲ್ಲಿನಂತೆ. ಸಾಮಾನ್ಯ ಗಂಡಿನಲ್ಲಿ ಅದು ಕಡುಗಪ್ಪು. ಹೆಣ್ಣನ್ನು ಹಿಡಿದುಕೊಳ್ಳುವುದು ಅದರಿಂದಲೇ. ಯೆಲ್ಲೋದಲ್ಲಿ ಆ ಹಲ್ಲುಗಳೂ ಬಿಳಿಚಿಕೊಂಡಿರುತ್ತವೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದ್ದೂ ಇದನ್ನೇ: ಯೆಲ್ಲೋ ಗಂಡಿನ ಸೋಲಿಗೆ ಮುಖ್ಯ ಕಾರಣ ಈ ಬಾಚಣಿಗೆಗೆ ಮೆಲನಿನ್ ಸಿಗದಿರುವುದು. ಕಪ್ಪು ಇಲ್ಲಿ ಯಾರಿಗೂ ತೋರಿಸಿಕೊಳ್ಳುವ ಬಣ್ಣವಲ್ಲ, ಕಾಲಿನ ಹಿಡಿತ.

ಬದುಕುಳಿಯುವ ಪ್ರಶ್ನೆಗೆ ಬಂದರೆ, ನಾನು ಒಣ ಹವೆಯನ್ನು ಆರಿಸಿಕೊಂಡೆ. ಸಣ್ಣ ಸೀಸೆಯ ತಳದಲ್ಲಿ ತೇವ ಹೀರುವ ಸಿಲಿಕಾ ಜೆಲ್, ಮೇಲೆ ಸ್ಪಂಜು, ಅದರ ಮೇಲೆ ನೊಣಗಳು. ಗಂಟೆಗೊಮ್ಮೆ ಅಲುಗದವುಗಳ ಎಣಿಕೆ. ತಂಪಿನಲ್ಲಿ, 18 ಡಿಗ್ರಿಯ ಆಸುಪಾಸಿನಲ್ಲಿ ಬೆಳೆದ ಹೆಣ್ಣುಗಳ ಹೊಟ್ಟೆಯ ಹಿಂಭಾಗ ಎದ್ದುಕಾಣುವಷ್ಟು ಕಪ್ಪಾಗುತ್ತದೆ, ಅವು ಒಣಗಿ ಸಾಯುವುದೂ ನಿಧಾನ. ಕಪ್ಪು ಕವಚ ನೀರನ್ನು ತಡೆಯುತ್ತದೆ ಎಂದು ತೀರ್ಮಾನಿಸುವ ಮುನ್ನ ತೂಕ ನೋಡಬೇಕು. ತಂಪಿನಲ್ಲಿ ಬೆಳೆದ ನೊಣ ದೊಡ್ಡದು, ಮೈಯಲ್ಲಿ ನೀರೂ ಹೆಚ್ಚು. ತೂಕ ಹೊಂದಿಸಿ ಹೋಲಿಸಿದಾಗ ಬಣ್ಣದ ಪಾಲೆಂದು ಹೇಳಲು ಉಳಿದದ್ದು ಅಲ್ಪ.

ಹಿಮಾಲಯದ ಎತ್ತರದ ನೊಣಗಳು ಕಪ್ಪಾಗಿಯೂ ಒಣಹವೆಗೆ ಗಟ್ಟಿಯಾಗಿಯೂ ಇರುವುದನ್ನು ಹರಿಯಾಣದ ರೋಹ್ಟಕ್‌ನ ಸಂಶೋಧಕರು ತೋರಿಸಿದ್ದಾರೆ. ಇತ್ತ 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 40ಕ್ಕೂ ಹೆಚ್ಚು ತಲೆಮಾರು ಕಪ್ಪಿಗಾಗಿ ಆಯ್ದ ನೊಣಗಳು ಒಣಹವೆಯಲ್ಲಿ ಹೆಚ್ಚು ಬಾಳಲಿಲ್ಲ. 140ಕ್ಕೂ ಹೆಚ್ಚು ತಲೆಮಾರು ಒಣಹವೆಗಾಗಿ ಆಯ್ದವು ಕಪ್ಪಾಗಲೂ ಇಲ್ಲ. ಎರಡನ್ನೂ ನಾನು ಒಪ್ಪುತ್ತೇನೆ. ಬೆಟ್ಟದ ಮೇಲೆ ಚಳಿ, ಬಿಸಿಲು, ಒಣಗಾಳಿ ಒಟ್ಟಿಗೇ ಇವೆ. ಕಪ್ಪನ್ನೂ ತಾಳಿಕೆಯನ್ನೂ ಅವು ಬೇರೆ ಬೇರೆ ದಾರಿಯಲ್ಲಿ ಬೆಳೆಸಿರಬಹುದು. ನೀರು ಸೋರದಂತೆ ಕಾಯುವುದರಲ್ಲಿ ಕವಚದ ಮೇಲಿನ ಮೇಣದಂಥ ಹೈಡ್ರೊಕಾರ್ಬನ್ ಪದರದ ಪಾಲು ದೊಡ್ಡದು, ಅದಕ್ಕೆ ಬಣ್ಣವೇ ಇಲ್ಲ.

ಈ ಕೆಲಸಕ್ಕೆ ಕೈಹಾಕುವವರು ಸ್ಟಾಕ್ ಬಾಟಲಿಯ ಎಬೊನಿಯನ್ನು ನೇರವಾಗಿ ಒರೆಗಾನ್-ಕೆ ಜೊತೆ ಹೋಲಿಸಬಾರದು. ದಶಕಗಳಿಂದ ಪ್ರತ್ಯೇಕವಾಗಿ ಸಾಕಿದ ಸ್ಟಾಕ್‌ಗಳಲ್ಲಿ ಬಣ್ಣದ ಹೊರತಾಗಿ ನೂರೆಂಟು ವ್ಯತ್ಯಾಸಗಳಿರುತ್ತವೆ. ಮೊದಲು ಎರಡನ್ನೂ ಕೂಡಿಸಿ. ಮೊದಲ ತಲೆಮಾರು ಹೆಚ್ಚುಕಡಿಮೆ ಕಂದಾಗಿಯೇ ಬರುತ್ತದೆ, ಎರಡನೆಯದರಲ್ಲಿ ಕಾಲು ಭಾಗ ಕಪ್ಪು ಮರಳುತ್ತದೆ. ಆ ಕಪ್ಪನ್ನು ಮತ್ತೆ ಒರೆಗಾನ್-ಕೆಗೆ ಕೂಡಿಸಿ, ಹೀಗೆ ಹಲವು ಸುತ್ತು ನಡೆಸಿ. ಕೊನೆಯ ಸುತ್ತಿನಲ್ಲಿ ಒಂದೇ ಬಾಟಲಿಯಿಂದ ಹೊರಬರುವ ಕಪ್ಪು ಮತ್ತು ಕಂದು ಒಡಹುಟ್ಟುಗಳನ್ನು, ತೂಕ ನೋಡಿಕೊಂಡು, ಹೋಲಿಕೆಗೆ ತೆಗೆದುಕೊಳ್ಳಿ.