ಕೈಯಲ್ಲೊಂದು ಚೀಟಿ

ಇರಾಕಿನ ಕರ್ಬಲಾದಲ್ಲಿ ನಡೆದ ಯುದ್ಧದ ಕಥೆಯನ್ನು ರಂಗಕ್ಕೆ ತರಬೇಕು ಅನ್ನೋದು ನನ್ನ ಬಹಳ ವರ್ಷಗಳ ಆಸೆ. 680ನೇ ಇಸವಿ. ಖಲೀಫ ಯಜೀದನ ದೊಡ್ಡ ಸೈನ್ಯದ ಎದುರು ಎಪ್ಪತ್ತು ಚಿಲ್ಲರೆ ಜನರನ್ನು ಕಟ್ಟಿಕೊಂಡು ನಿಂತ ಪ್ರವಾದಿಯವರ ಮೊಮ್ಮಗ ಹುಸೇನ್. ಪಕ್ಕದಲ್ಲೇ ಯೂಫ್ರೆಟಿಸ್ ನದಿ, ಆದರೆ ಮಕ್ಕಳಿಗೆ ಕುಡಿಯಲು ಹನಿ ನೀರಿಲ್ಲ. ಇದಕ್ಕಿಂತ ಗಟ್ಟಿಯಾದ ನಾಟಕ ಬೇಕಾ? ಬರೆದೆ. ತಂಡದ ಅತ್ಯುತ್ತಮ ನಟನಿಗೆ ಇಮಾಮ್ ಹುಸೇನರ ಪಾತ್ರ ಕೊಟ್ಟೆ. ಗಡ್ಡ ಅಂಟಿಸಿ, ಪೇಟ ಸುತ್ತಿ ತಾಲೀಮು ಶುರು ಮಾಡಿದೆವು.

ಒಂದು ದಿನ ತಾಲೀಮು ನೋಡಲು ನನ್ನ ಮಾಮು ಬಂದರು. ನಮಾಜು ತಪ್ಪಿಸದ ಮನುಷ್ಯ, ನಾಟಕದ ಹುಚ್ಚೂ ಉಂಟು. ಮುಗಿದ ಮೇಲೆ ಚಪ್ಪಲಿ ಮೆಟ್ಟುತ್ತಾ ಹೇಳಿದರು: "ಹುಡುಗ ಚೆನ್ನಾಗಿ ಮಾಡ್ತಾನೆ. ಆದ್ರೆ ಅವನೇ ಹುಸೇನರು ಅಂತ ನಂಬಿದ್ರೆ ನನಗೆ ಪಾಪ. ನಂಬದೇ ಇದ್ರೆ ನಿನ್ನ ನಾಟಕ ಕೆಟ್ಟಿತು. ಏನು ಮಾಡಲಿ ಹೇಳು."

ನನಗೆ ಸಿಟ್ಟು ಬಂತು. ಇಸ್ಲಾಮಿಗೂ ನಾಟಕಕ್ಕೂ ಆಗಿಬರಲ್ಲ ಅಂತ ಎಲ್ಲರೂ ಹೇಳೋದು ಇದನ್ನೇ ಅಲ್ವಾ ಅಂದುಕೊಂಡೆ. ಒಂದು ವಾರ ತಾಲೀಮು ನಿಲ್ಲಿಸಿ ಓದಲು ಕೂತೆ.

ಮೊದಲು ಕಣ್ಣಿಗೆ ಬಿದ್ದದ್ದು ಒಂದು ಅನುವಾದದ ಕಥೆ. ಬಾಗ್ದಾದಿನ ವಿದ್ವಾಂಸರು ಗ್ರೀಕರ ತತ್ವಶಾಸ್ತ್ರ, ವೈದ್ಯ, ಗಣಿತ ಎಲ್ಲವನ್ನೂ ಅರಬ್ಬಿಗೆ ತಂದರು, ನಾಟಕಗಳನ್ನು ಮಾತ್ರ ಮುಟ್ಟಲಿಲ್ಲ. ಹಾಗಾಗಿ ಅರಿಸ್ಟಾಟಲನ ಕಾವ್ಯಮೀಮಾಂಸೆಯನ್ನು 10ನೇ ಶತಮಾನದಲ್ಲಿ ಅನುವಾದಿಸಿದ ಮತ್ತಾ ಇಬ್ನ್ ಯೂನುಸರಿಗೆ ಟ್ರ್ಯಾಜೆಡಿ ಅಂದರೆ ಏನು ಅಂತ ಕಂಡು ಗೊತ್ತಿರಲಿಲ್ಲ. ಅದಕ್ಕೆ ಅವರು ಇಟ್ಟ ಹೆಸರು 'ಮದೀಹ್', ಅಂದರೆ ಹೊಗಳಿಕೆಯ ಪದ್ಯ. ಕಾಮೆಡಿಗೆ 'ಹಿಜಾ', ಬೈಗುಳದ ಪದ್ಯ. 12ನೇ ಶತಮಾನದ ಇಬ್ನ್ ರುಶ್ದರಂಥ ಪಂಡಿತರೂ ಅದೇ ದಾರಿ ಹಿಡಿದರು. ಓದಿ ನಕ್ಕೆ. ಆಮೇಲೆ ಯೋಚಿಸಿದರೆ, ನಾನು ಮಾಡಲು ಹೊರಟಿದ್ದೂ ಹೊಗಳಿಕೆಯೇ. ತಪ್ಪು ಅನುವಾದ ನನ್ನ ಕೆಲಸಕ್ಕೆ ಸರಿಯಾಗಿ ಕೂತಿತ್ತು.

ಹಾಗಂತ ನಾಟಕವೇ ಇರಲಿಲ್ಲ ಅಂತಲ್ಲ. 13ನೇ ಶತಮಾನದ ಕೈರೋದಲ್ಲಿ ಇಬ್ನ್ ದಾನಿಯಾಲ್ ಎಂಬ ಕಣ್ಣಿನ ವೈದ್ಯ ನೆರಳು ಬೊಂಬೆಯಾಟಕ್ಕೆ ಮೂರು ನಾಟಕ ಬರೆದಿದ್ದಾನೆ. ಪೋಲಿತನ ಸ್ವಲ್ಪ ಜಾಸ್ತಿಯೇ ಇದೆ. ಒಟ್ಟೋಮನ್ ತುರ್ಕರ ಕಾಲದಲ್ಲಿ ರಂಜಾನ್ ರಾತ್ರಿಗಳಲ್ಲಿ ಕಾಫಿ ಅಂಗಡಿಗಳಲ್ಲಿ ಕರಾಗೋಜ್ ಬೊಂಬೆಗಳು ಕುಣಿಯುತ್ತಿದ್ದವು. ಜೀವಿಗಳ ಚಿತ್ರ ಮಾಡುವುದು ತಪ್ಪು ಅನ್ನುವವರಿಗೂ ಉತ್ತರ ಇತ್ತು: ತೊಗಲು ಬೊಂಬೆಯ ಮೈಯಲ್ಲಿ ಕೋಲು ಸಿಕ್ಕಿಸಲು ತೂತು ಇರುತ್ತದಲ್ಲ, ಮೈಯಲ್ಲಿ ತೂತಿರುವುದು ಜೀವಂತ ಪ್ರಾಣಿಯ ಚಿತ್ರ ಆಗಲು ಸಾಧ್ಯವಿಲ್ಲ, ಆದ್ದರಿಂದ ದೋಷವಿಲ್ಲ ಅಂತ ಒಂದು ವಾದವೂ ಇದೆ. ಮಾಮುಗೆ ಫೋನಿನಲ್ಲಿ ಇದನ್ನು ಹೇಳಿದೆ. "ವಕೀಲರ ಬುದ್ಧಿ" ಎಂದು ನಕ್ಕರು.

ನನಗೆ ದಾರಿ ತೋರಿಸಿದ್ದು ಇರಾನಿನ ತಾಜಿಯೆ. ಭಾರತದಲ್ಲಿ ತಾಜಿಯಾ ಅಂದರೆ ಮೆರವಣಿಗೆಯಲ್ಲಿ ಹೊರುವ ಗೋರಿಯ ಮಾದರಿ. ಇರಾನಿನಲ್ಲಿ ಅದು ಕರ್ಬಲಾದ ನಾಟಕ. ಒಂದು ಹಳೆಯ ವಿಡಿಯೋ ಹಾಕಿಕೊಂಡು ಕೂತೆ. ಹುಸೇನರ ಕಡೆಯವರಿಗೆ ಹಸಿರು ಬಟ್ಟೆ, ಅವರು ಹಾಡುತ್ತಾರೆ. ಶತ್ರುಗಳಿಗೆ ಕೆಂಪು, ಅವರು ಒರಟಾಗಿ ಮಾತಾಡುತ್ತಾರೆ. ಒಂದು ಸುತ್ತು ಬಂದರೆ ದೂರದ ಪ್ರಯಾಣ ಮುಗಿಯಿತು. ಒಂದು ಪಾತ್ರೆ ನೀರು ಇಟ್ಟರೆ ಅದೇ ಯೂಫ್ರೆಟಿಸ್. ನಿರ್ದೇಶಕ ಎಲ್ಲರಿಗೂ ಕಾಣುವಂತೆ ನಟರ ನಡುವೆಯೇ ಓಡಾಡುತ್ತಾನೆ. ಖಳನ ಪಾತ್ರದವನು ಕೊಲ್ಲಲು ಹೊರಟು ತಾನೇ ಅಳುತ್ತಾನೆ.

ವಿಡಿಯೋವನ್ನು ಮೂರನೇ ಸಲ ನೋಡುವಾಗ ಕಂಡಿತು: ನಟರ ಕೈಯಲ್ಲಿ ಉದ್ದನೆಯ ಚೀಟಿಗಳು. ಮಾತು ಬಾಯಿಪಾಠ ಇದ್ದರೂ ಚೀಟಿ ಹಿಡಿದಿರುತ್ತಾರೆ. ನಾನು ಹುಸೇನ್ ಅಲ್ಲ, ಅವರ ಮಾತನ್ನು ಓದುವವನು ಅಷ್ಟೇ ಅಂತ ಆ ಕಾಗದವೇ ಹೇಳುತ್ತದೆ. ಮಾಮು ಕೇಳಿದ ಪ್ರಶ್ನೆಗೆ ನಟರು ಎಂದೋ ಉತ್ತರ ಕಂಡುಕೊಂಡಿದ್ದರು.

ಇಂಥ ನಾಟಕವನ್ನು 1930ರ ದಶಕದಲ್ಲಿ ತಡೆದದ್ದು ಯಾರು ಅಂದುಕೊಂಡಿರಿ? ಮುಲ್ಲಾಗಳಲ್ಲ. ದೇಶವನ್ನು ಆಧುನಿಕ ಮಾಡಲು ಹೊರಟ ದೊರೆ ರೆಜಾ ಶಾ. ಆದರೆ ಎಲ್ಲ ಕಡೆ ಕಥೆ ಹೀಗೇ ಇಲ್ಲ. ಡಮಾಸ್ಕಸ್‌ನಲ್ಲಿ ಸಂಗೀತ ನಾಟಕ ಕಟ್ಟಿದ ಅಬು ಖಲೀಲ್ ಕಬ್ಬಾನಿ ಸಂಪ್ರದಾಯಸ್ಥರ ದೂರಿನಿಂದ ರಂಗಮಂದಿರ ಕಳೆದುಕೊಂಡು 1880ರ ದಶಕದಲ್ಲಿ ಈಜಿಪ್ಟಿಗೆ ಹೋಗಬೇಕಾಯಿತು. ಆ ನೋವನ್ನು ಮುಚ್ಚಿಡುವುದೂ ಸರಿಯಲ್ಲ.

ತಾಲೀಮು ಮತ್ತೆ ಶುರುವಾಯಿತು. ಗಡ್ಡ ತೆಗೆಸಿದೆ. ಹುಸೇನರ ಕನಸಿನಲ್ಲಿ ಪ್ರವಾದಿಯವರು ಬರುವ ದೃಶ್ಯವನ್ನು ಬೆಳಕಿನಲ್ಲಿ ತೋರಿಸಬೇಕು ಅಂತ ಇಟ್ಟಿದ್ದೆ, ಅದನ್ನೂ ಕಿತ್ತು ಹಾಕಿದೆ. ಕನಸನ್ನು ಬಾಯಲ್ಲಿ ಹೇಳಿದರೆ ಸಾಕಾಯಿತು.

ಚೀಟಿ ಮಾತ್ರ ನಮ್ಮನ್ನು ಸುಸ್ತು ಮಾಡಿಸಿತು. ತೆಳು ಕಾಗದ ಮೈಕಿನಲ್ಲಿ ಪರಪರ ಅನ್ನುತ್ತಿತ್ತು. ಕೈ ನಡುಗಿದರೆ ಹಿಂದಿನ ಸಾಲಿಗೂ ಕಾಣುತ್ತಿತ್ತು. ಕೊನೆಗೆ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ನಾಲ್ಕು ಬೆರಳಗಲ ಕತ್ತರಿಸಿ, ಹಿಂಬದಿಯ ಬಿಳಿ ಭಾಗದಲ್ಲಿ ಬರೆದೆವು. ಹುಡುಗರು ಚೀಟಿಯಿಂದ ತಲೆಯೇ ಎತ್ತುತ್ತಿರಲಿಲ್ಲ. ಅದಕ್ಕೊಂದು ನಿಯಮ ಮಾಡಿದೆ: ಪ್ರತಿ ಮಾತಿನ ಮೊದಲ ಪದ ಚೀಟಿ ನೋಡಿ, ಉಳಿದದ್ದು ಎದುರಿನವನ ಕಣ್ಣು ನೋಡಿ. ವಿಚಿತ್ರ ಏನೆಂದರೆ, ನಾನಲ್ಲ ಅನ್ನುವ ಧೈರ್ಯ ಸಿಕ್ಕ ಮೇಲೆ ನಟನ ದನಿ ಬಿಚ್ಚಿಕೊಂಡಿತು. ಮೊದಲು ಮಹಾತ್ಮನಂತೆ ಕಾಣಲು ಒದ್ದಾಡುತ್ತಿದ್ದ, ಈಗ ಸುಮ್ನೆ ಮಾತು ಹೇಳುತ್ತಿದ್ದ.

ಮೊದಲ ಪ್ರದರ್ಶನದಲ್ಲಿ ಯಜೀದನ ಸೈನಿಕನೊಬ್ಬ ಎಡವಿ ಯೂಫ್ರೆಟಿಸ್ ಅನ್ನೇ ಉರುಳಿಸಿಬಿಟ್ಟ. ರಂಗದ ತುಂಬ ನೀರು. ನೀರು ತರಲು ಹುಸೇನರ ತಮ್ಮ ಅಬ್ಬಾಸ್ ಬರುವ ದೃಶ್ಯ ಇನ್ನೇನು ಬರಬೇಕು. ನಾನು ಒಂದು ಕೊಡ ಹಿಡಿದು, ಇದ್ದ ಪ್ಯಾಂಟು ಶರ್ಟಿನಲ್ಲೇ ರಂಗಕ್ಕೆ ಹೋಗಿ ಪಾತ್ರೆ ತುಂಬಿಸಿ ಬಂದೆ. ಒಬ್ಬರೂ ನಗಲಿಲ್ಲ. ಮುಂದಿನ ಎಲ್ಲ ಪ್ರದರ್ಶನಗಳಲ್ಲೂ ನಾನು ರಂಗದ ಮೇಲೆಯೇ ಇದ್ದೆ, ಚೀಟಿ ಹಂಚುತ್ತಾ, ನೀರು ತುಂಬಿಸುತ್ತಾ.

ಮಾಮು ಮೂರನೇ ಪ್ರದರ್ಶನಕ್ಕೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ ನೇರವಾಗಿ ಬಂದು, "ಆ ಚೀಟಿಯಲ್ಲಿ ನಿಜವಾಗಿ ಬರೆದಿದೆಯೋ, ಸುಮ್ನೆ ಖಾಲಿಯೋ?" ಎಂದು ಕೇಳಿದರು. ಒಂದನ್ನು ಕೊಟ್ಟೆ. ಕನ್ನಡಕ ಹಾಕಿಕೊಂಡು, ದೀಪದ ಕೆಳಗೆ ಹೋಗಿ, ತುಟಿ ಅಲ್ಲಾಡಿಸುತ್ತಾ ಕೊನೆಯ ತನಕ ಓದಿದರು.

"ಅಕ್ಷರ ಇನ್ನೂ ಸ್ವಲ್ಪ ದಪ್ಪ ಬರಿ ಬೇಟಾ," ಎಂದರು. "ನನ್ನ ವಯಸ್ಸಿನವರಿಗೆ ಕಾಣಲ್ಲ."