ಸಭೆಯಲ್ಲಿ ನಿಮ್ಮ ವರ ಯಾವುದು? ಹುಡುಕುವುದು ಹೇಗೆ, ಬಳಸುವುದು ಹೇಗೆ

ಭಾನುವಾರ ಚರ್ಚಿನ ಆರಾಧನೆಯಲ್ಲಿ ಪ್ರಕಟಣೆ ಓದುತ್ತಾರೆ. ಸಂಡೇ ಸ್ಕೂಲಿಗೆ ಟೀಚರ್ ಬೇಕು, ಕಾಯರ್‌ಗೆ ಹಾಡುವವರು ಬೇಕು. ಎಷ್ಟೋ ಜನ ತಲೆ ತಗ್ಗಿಸಿ ಕೂತುಬಿಡುತ್ತಾರೆ. ಅವರಿಗೆ ಸೇವೆ ಮಾಡುವ ಮನಸ್ಸಿಲ್ಲ ಅಂತಲ್ಲ. ಹಾಡಲು ಬರಲ್ಲ, ಪ್ರಸಂಗ ಮಾಡಲು ಬರಲ್ಲ, ನನಗೆಲ್ಲಿಯ ವರ ಅನ್ನುವ ಅಳುಕು. ವರ ಅಂದರೆ ಸಭೆಯ, ಅಂದರೆ ಚರ್ಚಿನ ಜನರ, ಸೇವೆಗಾಗಿ ದೇವರು ಒಬ್ಬೊಬ್ಬರಿಗೆ ಕೊಟ್ಟ ಸಾಮರ್ಥ್ಯ. ನಾನೂ ಹಾಗೆ ಬಹಳ ವರ್ಷ ಹಿಂದಿನ ಬೆಂಚಿನಲ್ಲಿ ಕೂತವಳು. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಟ್ಟಿಗಳನ್ನು ಓದಿ

ಒಂದು ಸಂಜೆ ಬೈಬಲ್ ತೆಗೆದು ಕೂತುಕೊಳ್ಳಿ. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿ ಪೌಲನು ಏಳು ವರಗಳನ್ನು ಹೇಳುತ್ತಾನೆ: ಪ್ರವಾದನೆ (ದೇವರ ಮಾತನ್ನು ಜನರಿಗೆ ತಿಳಿಸುವುದು), ಸೇವೆ, ಬೋಧನೆ, ಧೈರ್ಯ ಹೇಳುವುದು, ಕೊಡುವುದು, ಮುಂದಾಳತನ, ಕರುಣೆ. ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 12ನೇ ಅಧ್ಯಾಯದ ಪಟ್ಟಿಯೇ ಬೇರೆ. ಅಲ್ಲಿ 28ನೇ ವಚನದಲ್ಲಿ ರೋಗ ವಾಸಿಮಾಡುವ ವರದ ಪಕ್ಕದಲ್ಲೇ ಸಹಾಯ ಮಾಡುವುದೂ ಆಡಳಿತ ನೋಡುವುದೂ ಇವೆ. ಪೇತ್ರನ ಮೊದಲ ಪತ್ರಿಕೆಯ 4ನೇ ಅಧ್ಯಾಯದಲ್ಲಂತೂ ಎರಡೇ ಬಗೆ: ಮಾತಾಡುವವರು, ಸೇವೆ ಮಾಡುವವರು.

ಒಂದು ಪಟ್ಟಿಗೂ ಇನ್ನೊಂದಕ್ಕೂ ಹೊಂದಿಕೆ ಇಲ್ಲ, ಅಲ್ವಾ? ಹಾಗಾಗಿ ಅವನ್ನು ಪೂರ್ತಿ ಲೆಕ್ಕ ಅಂತ ನೋಡದೆ ಮಾದರಿ ಅಂತ ನೋಡುವುದೇ ಸರಿ ಅನಿಸುತ್ತದೆ. ವಿಮೋಚನಕಾಂಡದ 31ನೇ ಅಧ್ಯಾಯದಲ್ಲಿ ದೇವರ ಆತ್ಮದಿಂದ ತುಂಬಿದ ಬೆಚಲೇಲ ಒಬ್ಬ ಕುಶಲಕರ್ಮಿ. ಚಿನ್ನ, ಕಲ್ಲು, ಮರದ ಕೆಲಸ ಅವನದು. ಅಪೊಸ್ತಲರ ಕೃತ್ಯಗಳು 9ನೇ ಅಧ್ಯಾಯದಲ್ಲಿ ಬರುವ ಯೊಪ್ಪ ಊರಿನ ದೊರ್ಕಳು ವಿಧವೆಯರಿಗೆ ಬಟ್ಟೆ ಮಾಡಿಕೊಟ್ಟವಳು. ನಿಮ್ಮ ಹೊಲಿಗೆ ಮೆಷಿನ್, ವೈರಿಂಗ್ ಕೆಲಸ, ಲೆಕ್ಕದ ಪುಸ್ತಕ ಯಾವುದನ್ನೂ ಹೊರಗಿಡಬೇಡಿ.

ಆಮೇಲೆ ಕೊರತೆ ಎಲ್ಲಿದೆ ನೋಡಿ

ನನ್ನ ವರ ಯಾವುದು ಅಂತ ಒಬ್ಬರೇ ಕೂತು ಯೋಚಿಸಿದರೆ ಉತ್ತರ ಸಿಗುವುದು ಕಷ್ಟ. ಸಭೆಯಲ್ಲಿ ಯಾರು ಗಮನಕ್ಕೆ ಬಾರದೆ ಉಳಿದುಹೋಗುತ್ತಿದ್ದಾರೆ ಅಂತ ಕೇಳಿ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಹಾಗೇ ಆಯಿತು. ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋಗುತ್ತಿದ್ದರು. ದೂರು ಬಂತು, ಏಳು ಜನರನ್ನು ಆರಿಸಿದರು. ಆ ಏಳೂ ಗ್ರೀಕ್ ಹೆಸರುಗಳೇ. ನೋವು ಎಲ್ಲಿತ್ತೋ ಅದನ್ನು ಬಲ್ಲವರ ಕೈಗೇ ಕೆಲಸ ಹೋಯಿತು ಅಂತ ನಾನು ಓದಿಕೊಳ್ಳುತ್ತೇನೆ.

ಇಡೀ ಸಭೆಯಲ್ಲಿ ನಿಮ್ಮ ಕಣ್ಣಿಗೆ ಮಾತ್ರ ಬೀಳುವ ಕೊರತೆ ಒಂದಿರುತ್ತದೆ. ಮೆಟ್ಟಿಲು ಹತ್ತಲಾಗದೆ ಆರಾಧನೆ ಬಿಟ್ಟ ಅಜ್ಜಿ. ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದ ಕುಟುಂಬ. ಅದನ್ನು ಬರೆದಿಟ್ಟುಕೊಳ್ಳಿ.

ಸಣ್ಣದಾಗಿ ಶುರು ಮಾಡಿ

ಸಭಾಪಾಲಕರ (ಪಾಸ್ಟರ್) ಹತ್ತಿರ ಹೋಗಿ, ಮೂರು ತಿಂಗಳು ಈ ಕೆಲಸ ಮಾಡಿ ನೋಡುತ್ತೇನೆ ಅಂತ ಹೇಳಿ. ಅವಧಿ ಹೇಳುವುದು ಮುಖ್ಯ. ಇಲ್ಲದಿದ್ದರೆ ಬಿಡಲೂ ಆಗದೆ ಮಾಡಲೂ ಆಗದೆ ಒದ್ದಾಡುತ್ತೀರಿ.

ನನಗೆ ಮೊದಲು ಸಿಕ್ಕಿದ್ದು ಸಂಡೇ ಸ್ಕೂಲ್. ಎರಡು ವರ್ಷ ಕಲಿಸಿದೆ. ಮಕ್ಕಳ ಮೇಲೆ ಪ್ರೀತಿ ಇತ್ತು, ಆದರೆ ಪಾಠ ನನ್ನ ಕೈಗೆ ಹತ್ತಲಿಲ್ಲ. ಜ್ವರ ಬಂದ ಮಗುವನ್ನು ನೋಡಲು ಮನೆಗೆ ಹೋದಾಗ ಮಾತ್ರ ಎದ್ದು ಬರಲು ಮನಸ್ಸಾಗುತ್ತಿರಲಿಲ್ಲ. ಅದನ್ನು ಗಮನಿಸಿದ್ದು ನಾನಲ್ಲ, ಸ್ತ್ರೀಯರ ಕೂಟದ ಒಬ್ಬ ಹಿರಿಯಮ್ಮ. 'ನೀನು ಬಂದು ಹೋದ ಮನೆಯವರು ನಿನ್ನನ್ನೇ ಕೇಳ್ತಾರೆ' ಅಂದರು. ಅದಕ್ಕೇ ಹೇಳುತ್ತೇನೆ, ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಮೂವರನ್ನು ಕೇಳಿ. ನನ್ನಿಂದ ನಿಮಗೆ ಯಾವಾಗ ಸಹಾಯ ಆಯಿತು ಅಂತ ಕೇಳಿ. ಹೊಗಳಿಕೆಗಿಂತ ಆ ಉತ್ತರ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಮನೆ ಭೇಟಿ: ಕರುಣೆಯ ವರ ಇರುವವರಿಗೆ

ಒಬ್ಬರೇ ಸಭಾಪಾಲಕರು ಹಲವು ಊರಿನ ಸಭೆ ನೋಡಿಕೊಳ್ಳುವ ಕಡೆ ಈ ಕೆಲಸ ತುಂಬಾ ಬೇಕು.

ಮೊದಲು ಫೋನ್ ಮಾಡಿ. ಇಬ್ಬರು ಹೋಗಿ, ಗುಂಪು ಬೇಡ. ಹಾಸಿಗೆಯ ಪಕ್ಕದಲ್ಲಿ ನಿಂತು ಮಾತಾಡಬೇಡಿ. ಕುರ್ಚಿ ಎಳೆದುಕೊಂಡು, ಅವರ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ನಮ್ಮ ನೆಂಟರಿಗೂ ಇದೇ ಕಾಯಿಲೆ ಬಂದಿತ್ತು ಅನ್ನುವ ಕಥೆ ಬೇಡ. ನಂಬಿಕೆ ಕಡಿಮೆ ಆಗಿದ್ದಕ್ಕೆ ಹೀಗಾಯಿತು ಅಂತ ಯಾವತ್ತೂ ಹೇಳಬೇಡಿ. ಡಾಕ್ಟರ್ ಕೊಟ್ಟ ಔಷಧಿ ನಿಲ್ಲಿಸಲು ಹೇಳಲೇಬೇಡಿ. ಸುಮ್ನೆ ಕೂತು ಕೇಳಿ.

ಪ್ರಾರ್ಥನೆ ಮಾಡಲಾ ಅಂತ ಕೇಳಿ, ಒಪ್ಪಿದರೆ ಮಾಡಿ. 23ನೇ ಕೀರ್ತನೆ ಅಥವಾ 121ನೇ ಕೀರ್ತನೆ ನಿಧಾನವಾಗಿ ಓದಿ. ಎರಡೂ ಚಿಕ್ಕವು. ಬಾಯಿಪಾಠ ಬರುವ ಹಿರಿಯರು ಜೊತೆಗೆ ತುಟಿ ಆಡಿಸುತ್ತಾರೆ. ಇಪ್ಪತ್ತು ನಿಮಿಷಕ್ಕೆ ಏಳಿ. ಹೊರಡುವಾಗ ಅಡುಗೆಮನೆಯಲ್ಲಿರುವ ಮಗಳನ್ನೋ ಸೊಸೆಯನ್ನೋ ಮಾತಾಡಿಸಿ. ರಾತ್ರಿಯೆಲ್ಲಾ ಎದ್ದಿದ್ದವರು ಅವರೇ. ಒಂದು ಹೊತ್ತಿನ ಊಟ ತಂದುಕೊಡಲಾ ಅಂತ ಕೇಳಿ.

ಅಲ್ಲಿ ಕೇಳಿದ್ದು ಅಲ್ಲೇ ಇರಲಿ. ಪ್ರಾರ್ಥನಾ ವಿಷಯ ಅನ್ನುವ ಹೆಸರಿನಲ್ಲಿ ಮನೆಯ ಗುಟ್ಟು ವಾಟ್ಸ್ಆ್ಯಪ್ ಗುಂಪಿಗೆ ಹೋದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ.

ಉಳಿದ ಕೆಲಸಗಳಲ್ಲಿ

ಕಾಣಿಕೆ ಎಣಿಸುವವರು ಇಬ್ಬರು ಇರಲಿ, ಇಬ್ಬರೂ ಸಹಿ ಹಾಕಲಿ. ಮಕ್ಕಳ ಜೊತೆ ಯಾವಾಗಲೂ ಇಬ್ಬರು ದೊಡ್ಡವರಿರಲಿ. ಅನ್ಯಭಾಷೆಯ, ಅಂದರೆ ಪ್ರಾರ್ಥನೆಯಲ್ಲಿ ಆತ್ಮನ ಪ್ರೇರಣೆಯಿಂದ ತಾನು ಕಲಿಯದ ಭಾಷೆಯಲ್ಲಿ ಮಾತಾಡುವ ವರದ, ವಿಷಯದಲ್ಲಿ ಸಭೆಯಿಂದ ಸಭೆಗೆ ಅಭಿಪ್ರಾಯ ಬೇರೆ. ಪೌಲನು 1 ಕೊರಿಂಥ 14ರಲ್ಲಿ ಕೊಟ್ಟ ಅಳತೆಗೋಲು ಮಾತ್ರ ಸ್ಪಷ್ಟವಾಗಿದೆ: ಸಭೆಗೆ ಬೆಳವಣಿಗೆ ಆಗಬೇಕು, ಒಬ್ಬೊಬ್ಬರಾಗಿ ಮಾತಾಡಬೇಕು, ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಬೇಕು.

ಮೂರು ತಿಂಗಳಾದ ಮೇಲೆ ಸಭಾಪಾಲಕರ ಜೊತೆ ಕೂತು ಮಾತಾಡಿ. ಕೆಲಸ ಹೊಂದಲಿಲ್ಲ ಅಂದರೆ ಹೇಳಿ, ಇನ್ನೊಂದು ನೋಡಿ. ಸಂಡೇ ಸ್ಕೂಲ್ ಬಿಟ್ಟಾಗ ನನಗೆ ತಪ್ಪಿತಸ್ಥ ಭಾವನೆ ಕಾಡಿತ್ತು. ಆದರೆ ನನ್ನ ಜಾಗಕ್ಕೆ ಬಂದ ಹುಡುಗಿ ಕಥೆ ಹೇಳಿದರೆ ಮಕ್ಕಳು ಅಲುಗಾಡುತ್ತಿರಲಿಲ್ಲ.

ಹೊಂದಿದರೆ, ಮುಂದಿನ ಭೇಟಿಗೆ ಹೊಸಬರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲ ಎರಡು ಸಲ ಅವರು ಕೂತು ನೋಡಲಿ. ಮೂರನೇ ಸಲ ಕೀರ್ತನೆಯನ್ನು ಅವರ ಕೈಗೆ ಕೊಡಿ.